ಹರಕೆ ಹೊತ್ತವರು, ಹಾದುಹೋಗುವವರು: ಸೇವಾ ಪ್ರವಾಸ ಮತ್ತು ಸಿಕಂದರಾಬಾದಿನ ಮಕ್ಕಳು

ಸಿಕಂದರಾಬಾದಿನ ಉಜ್ಜಯಿನಿ ಮಹಾಕಾಳಿ ಗುಡಿಗೆ ಒಂದು ಸ್ಥಳಪುರಾಣವಿದೆ. ದಂಡಿನಲ್ಲಿ ಡೋಲಿ ಹೊರುತ್ತಿದ್ದ ಸುರಟಿ ಅಪ್ಪಯ್ಯ ಎಂಬಾತನಿಗೆ 1813ರಲ್ಲಿ ದೂರದ ಉಜ್ಜಯಿನಿಗೆ ವರ್ಗವಾಯಿತು. ಅದೇ ಹೊತ್ತಿಗೆ ಕಾಲರಾ ಹಬ್ಬಿತು. ಅಪ್ಪಯ್ಯ ಅಲ್ಲಿಯ ಮಹಾಕಾಳಿಯ ಮುಂದೆ ನಿಂತು, ಜನ ಉಳಿದರೆ ನಿನ್ನನ್ನು ನಮ್ಮೂರಿನಲ್ಲಿ ತಂದು ಕೂರಿಸುತ್ತೇನೆ ಎಂದು ಹರಕೆ ಹೊತ್ತ. 1815ರಲ್ಲಿ ಊರಿಗೆ ಮರಳಿದವನು ಕಟ್ಟಿಗೆಯ ಮೂರ್ತಿಯೊಂದನ್ನು ಪ್ರತಿಷ್ಠಾಪಿಸಿದ. ಇಂದಿಗೂ ಆಷಾಢ ಬಂತೆಂದರೆ ಹೆಂಗಸರು ಗಡಿಗೆಯಲ್ಲಿ ಅನ್ನ, ಹಾಲು, ಬೆಲ್ಲದ ಬೋನ ತುಂಬಿ, ಬೇವಿನ ಸೊಪ್ಪು ಕಟ್ಟಿ, ಮೇಲೊಂದು ದೀಪ ಹಚ್ಚಿ, ತಲೆಯ ಮೇಲೆ ಹೊತ್ತು ಆ ಗುಡಿಗೆ ಬರುತ್ತಾರೆ. ಪೋತರಾಜುವಿನ ವೇಷಧಾರಿ ಚಾಟಿ ಬೀಸುತ್ತ ಮುಂದೆ ಕುಣಿಯುತ್ತಾನೆ. ಮರುದಿನ ರಂಗಂ: ಹಸಿ ಗಡಿಗೆಯ ಮೇಲೆ ನಿಂತ ಹೆಣ್ಣುಮಗಳು ಊರಿನ ಭವಿಷ್ಯ ನುಡಿಯುತ್ತಾಳೆ.

ಪರಸ್ಥಳಕ್ಕೆ ಹೋದವನೊಬ್ಬ ಅಲ್ಲಿ ಕಂಡದ್ದನ್ನು ಋಣವೆಂದು ತಿಳಿದು, ತನ್ನೂರಿಗೆ ಬಂದು ತೀರಿಸಿದ ಕತೆ ಇದು. ಈಗ ಆ ಬೋನದ ಹಬ್ಬ, ಬೋನಾಲು, ನೋಡಲು ಪರದೇಶಗಳಿಂದ ಜನ ಬರುತ್ತಾರೆ. ಕೆಲವರು ಒಂದು ಹೊಸ ಬಗೆಯ ಪ್ರವಾಸದಲ್ಲಿ ಬರುತ್ತಾರೆ. ಬೆಳಿಗ್ಗೆ ಬಡ ಮಕ್ಕಳಿಗೆ ಇಂಗ್ಲಿಷ್, ಮಧ್ಯಾಹ್ನ ಮೆಹಂದಿ, ಸಂಜೆ ಬಿರಿಯಾನಿ ಮಾಡುವ ಪಾಠ, ವಾರದ ಕೊನೆಗೆ ಚಾರ್‌ಮಿನಾರ್, ಗೋಲ್ಕೊಂಡ. ಸೇವೆಯೂ ಆಯಿತು, ಸಂಸ್ಕೃತಿಯೂ ಆಯಿತು. ಇಂಗ್ಲಿಷಿನವರು ಇದಕ್ಕೆ ‘ವಾಲಂಟೂರಿಸಂ’ ಎಂದು ಹೆಸರಿಟ್ಟಿದ್ದಾರೆ; ನಾವು ಸೇವಾ ಪ್ರವಾಸ ಎನ್ನೋಣ. ಈ ಪಟ್ಟಿಯಲ್ಲಿ ಬಿರಿಯಾನಿಗೂ ಕೋಟೆಗೂ ನೋಡಲು ಬಂದವರಿಂದ ತೊಂದರೆಯಿಲ್ಲ. ನಡುವೆ ಸಿಕ್ಕಿಕೊಂಡಿರುವುದು ಮಗು. ಮಗುವಿಗೆ ಈ ವ್ಯವಹಾರದಿಂದ ಏನು ಸಿಗುತ್ತದೆ, ಏನು ಕಳೆಯುತ್ತದೆ ಎಂಬುದನ್ನು ಒಟ್ಟಾಗಿ ನೋಡುವುದು ಈ ಲೇಖನದ ಉದ್ದೇಶ.

ವಾಡಿಯಿಂದ ಬಂದ ಹಳಿ

ಸಿಕಂದರಾಬಾದ್ ಮೊದಲಿಂದಲೂ ಹೊರಗಿನವರ ಊರು. ನಿಜಾಮನೊಡನೆ ಮಾಡಿಕೊಂಡ 1798ರ ಒಪ್ಪಂದದ ಬೆನ್ನಿಗೆ ಈಸ್ಟ್ ಇಂಡಿಯಾ ಕಂಪನಿಯ ಸೇನೆ ಹುಸೇನ್ ಸಾಗರದ ಆಚೆ ಬೀಡುಬಿಟ್ಟಿತು. 1806ರಲ್ಲಿ ಮೂರನೆಯ ನಿಜಾಮ ಸಿಕಂದರ್ ಜಾಹನ ಹೆಸರು ಆ ಬೀಡಿಗೆ ಬಂತು. ದಂಡಿನ ಹಿಂದೆ ತಮಿಳರು, ಮರಾಠಿಗರು, ಪಾರ್ಸಿಗಳು, ಆಂಗ್ಲೋ ಇಂಡಿಯನ್ನರು ಬಂದರು. ಪಾದ್ರಿಗಳು ಬಂದು ಶಾಲೆ ತೆರೆದರು. 1874ರಲ್ಲಿ ನಮ್ಮ ಕಲಬುರಗಿ ಜಿಲ್ಲೆಯ ವಾಡಿಯಿಂದ ರೈಲು ಹಳಿ ಬಂದು ಮುಟ್ಟಿತು. 1966ರಿಂದ ಇದು ದಕ್ಷಿಣ ಮಧ್ಯ ರೈಲ್ವೆಯ ಕೇಂದ್ರ ಸ್ಥಾನ.

ಹಳಿ ಬರೀ ಸರಕು ತರುವುದಿಲ್ಲ. ಚಿತ್ತಾಪುರ, ಸೇಡಂ, ತಾಂಡೂರು, ವಿಕಾರಾಬಾದ್ ದಾಟಿ ಬರುವ ರೈಲಿನ ಜನರಲ್ ಡಬ್ಬಿಯಲ್ಲಿ ದುಡಿಯಲು ಹೊರಟ ಕಲ್ಯಾಣ ಕರ್ನಾಟಕದ ಕುಟುಂಬಗಳಿರುತ್ತವೆ. ಮನೆಯಲ್ಲಿ ಏಟು ತಿಂದು ಓಡಿಬಂದ ಹುಡುಗನೂ ಇರಬಹುದು. ಬೇರೆ ದಿಕ್ಕಿನ ರೈಲುಗಳಲ್ಲಿ ಒಡಿಶಾದ ಬಲಾಂಗೀರದಿಂದ ಇಟ್ಟಿಗೆ ಭಟ್ಟಿಗೆ ಹೊರಟವರು, ಬಿಹಾರದಿಂದ ಹೈದರಾಬಾದಿನ ಹಳೇ ಊರಿನ ಬಳೆ ಕಾರ್ಖಾನೆಗಳಿಗೆ ಕರೆತಂದ ಹುಡುಗರು. 2015ರ ಆರಂಭದಲ್ಲಿ ಹೈದರಾಬಾದ್ ಪೊಲೀಸರು ಅಂಥ ಬಳೆ ಕೋಣೆಗಳಿಂದ ನೂರಾರು ಮಕ್ಕಳನ್ನು ಬಿಡಿಸಿದಾಗ ದೇಶ ಒಂದು ಕ್ಷಣ ತಿರುಗಿ ನೋಡಿತ್ತು. ರೈಲ್ವೆ ರಕ್ಷಣಾ ದಳ 2018ರಿಂದ 2024ರ ಮೇ ತಿಂಗಳವರೆಗೆ ದೇಶದ ನಿಲ್ದಾಣಗಳಲ್ಲೂ ರೈಲುಗಳಲ್ಲೂ ರಕ್ಷಿಸಿದ ಮಕ್ಕಳ ಸಂಖ್ಯೆ 84,119. ತೆಲಂಗಾಣದ ಪೊಲೀಸರು ವರ್ಷಕ್ಕೆ ಎರಡು ಸಲ, ಜನವರಿಯಲ್ಲಿ ‘ಆಪರೇಷನ್ ಸ್ಮೈಲ್’, ಜುಲೈನಲ್ಲಿ ‘ಆಪರೇಷನ್ ಮುಸ್ಕಾನ್’ ಎಂದು ದುಡಿಯುವ, ಕಳೆದುಹೋದ ಮಕ್ಕಳನ್ನು ಹುಡುಕಲು ಹೊರಡುತ್ತಾರೆ. ಬೋನಾಲು ನಡೆಯುವುದೂ ಸಾಮಾನ್ಯವಾಗಿ ಜುಲೈನಲ್ಲೇ. ಒಂದೇ ತಿಂಗಳಲ್ಲಿ ಊರಿನ ಒಂದು ಬೀದಿಯಲ್ಲಿ ಹಬ್ಬ, ಇನ್ನೊಂದರಲ್ಲಿ ಹುಡುಕಾಟ.

ಇಂಥ ಮಕ್ಕಳು ಸೇರುವ ಸರ್ಕಾರಿ, ಖಾಸಗಿ ನೆಲೆಗಳೇ ಸೇವಾ ಪ್ರವಾಸಿಗಳೂ ಬಂದು ಸೇರುವ ಜಾಗ.

ಬರುವವರು ಯಾರು

ಪರದೇಶಕ್ಕೆ ಹೋಗಿ ದುಡಿಯುವ ಹಂಬಲ ಹೊಸತಲ್ಲ, ಹೀನವೂ ಅಲ್ಲ. 1934ರ ಬಿಹಾರ ಭೂಕಂಪದ ನಂತರ ಸ್ವಿಟ್ಜರ್ಲೆಂಡಿನ ಪಿಯರೆ ಸೆರೆಸೋಲ್ ಗೆಳೆಯರೊಡನೆ ಬಂದು ಹಳ್ಳಿಗಳನ್ನು ಕಟ್ಟಲು ಕೈಜೋಡಿಸಿದರು. ಸ್ವಯಂಸೇವಕರನ್ನು ಪರದೇಶಗಳಿಗೆ ಕಳಿಸುವ ಬ್ರಿಟನ್ನಿನ ವಿಎಸ್‌ಒ 1958ರಲ್ಲಿ, ಅಮೆರಿಕದ ಪೀಸ್ ಕೋರ್ 1961ರಲ್ಲಿ ಹುಟ್ಟಿದವು. ಪೀಸ್ ಕೋರ್ 1976ರವರೆಗೆ ಭಾರತದಲ್ಲಿತ್ತು. ಮುಂದೆ ಅಮೆರಿಕದ ಅಧ್ಯಕ್ಷರಾದ ಜಿಮ್ಮಿ ಕಾರ್ಟರ್ ಅವರ ತಾಯಿ ಲಿಲಿಯನ್ 68ರ ಹರೆಯದಲ್ಲಿ ಮುಂಬೈ ಬಳಿಯ ವಿಕ್ರೋಳಿಗೆ ಬಂದು ನರ್ಸ್ ಆಗಿ ದುಡಿದದ್ದು ಆ ಯೋಜನೆಯಡಿಯೇ. ಪೀಸ್ ಕೋರ್‌ನವರು ತರಬೇತಿ ಪಡೆದು, ಇಲ್ಲಿಯ ಭಾಷೆ ಒಂದಿಷ್ಟು ಕಲಿತು, ಎರಡು ವರ್ಷದ ಲೆಕ್ಕದಲ್ಲಿ ಬರುತ್ತಿದ್ದರು.

ಈಗಿನ ರೂಢಿಯಲ್ಲಿ ಎರಡು ವರ್ಷ ಎರಡು ವಾರಕ್ಕೆ ಇಳಿದಿದೆ. ಕಾಲೇಜಿಗೆ ಸೇರುವ ಮುನ್ನ ಒಂದು ವರ್ಷ ಬಿಡುವು ಪಡೆದ ಯುವಕ ಯುವತಿಯರು, ಕೆಲಸದಿಂದ ರಜೆ ಪಡೆದವರು, ನಿವೃತ್ತರು ತಮ್ಮ ದೇಶದ ಏಜೆನ್ಸಿಗೆ ಹಣ ಕಟ್ಟಿ ಬರುತ್ತಾರೆ. ಸೇವೆ ಮಾಡುವವನೇ ದುಡ್ಡು ಕೊಡುವ ಗಿರಾಕಿಯೂ ಆದಾಗ, ಗಿರಾಕಿಗೆ ಬೇಕಾದದ್ದನ್ನು ಒದಗಿಸುವವರು ಹುಟ್ಟಿಕೊಳ್ಳುತ್ತಾರೆ. ದೂರದಿಂದ ಬಂದ ಮನುಷ್ಯನಿಗೆ ಬೇಕಾದದ್ದು ಚರಂಡಿ ದುರಸ್ತಿಯೋ ಲೆಕ್ಕಪತ್ರವೋ ಅಲ್ಲ. ತೊಡೆಯ ಮೇಲೆ ಬಂದು ಕೂರುವ ಮಗು.

ಇದು ಬಿಳಿಯರ ಕತೆ ಮಾತ್ರ ಎಂದು ನಾವು ನಿರುಮ್ಮಳರಾಗುವಂತಿಲ್ಲ. ಕ್ಯಾಲಿಫೋರ್ನಿಯಾದಲ್ಲೋ ನ್ಯೂಜೆರ್ಸಿಯಲ್ಲೋ ಇರುವ ನಮ್ಮ ಅಣ್ಣ, ಅಕ್ಕಂದಿರ ಮಕ್ಕಳು ಬೇಸಿಗೆ ರಜೆಗೆ ಅಜ್ಜಿಯ ಮನೆಗೆ ಬಂದಾಗ, ಕಾಲೇಜು ಅರ್ಜಿಯಲ್ಲಿ ತೋರಿಸಲು ಒಂದಿಷ್ಟು ‘ಸರ್ವಿಸ್’ ಬೇಕಾಗುತ್ತದೆ. ಪರಿಚಯದ ಟ್ರಸ್ಟಿಗೊಂದು ಫೋನ್ ಹೋಗುತ್ತದೆ. ಮೂರು ವಾರ ಆಶ್ರಮದ ಮಕ್ಕಳಿಗೆ ಪಾಠ, ಕೊನೆಯ ದಿನ ಸಿಹಿ ಹಂಚಿಕೆ, ಒಂದು ಗ್ರೂಪ್ ಫೋಟೊ, ಒಂದು ಸರ್ಟಿಫಿಕೇಟ್. ನಾವು ನೆಂಟರು ಅದನ್ನು ವಾಟ್ಸ್‌ಆ್ಯಪ್‌ನಲ್ಲಿ ನೋಡಿ ಮೆಚ್ಚಿಕೊಳ್ಳುತ್ತೇವೆ. ಫೋಟೊದಲ್ಲಿದ್ದ ಉಳಿದ ಮಕ್ಕಳ ಹೆಸರನ್ನು ಯಾರೂ ಕೇಳುವುದಿಲ್ಲ.

ಉಳಿದವರು ಕೊಟ್ಟದ್ದು

ಹೊರಗಿನವರಿಂದ ಒಳಿತೇ ಆಗಿಲ್ಲ ಎಂದರೆ ನಾಲಿಗೆ ಕೃತಘ್ನವಾದೀತು. ಬಾಸೆಲ್ ಮಿಶನ್ನಿನಿಂದ 1853ರಲ್ಲಿ ಬಂದ ಫರ್ಡಿನಾಂಡ್ ಕಿಟ್ಟೆಲ್ ಮತಪ್ರಚಾರಕ್ಕಾಗಿಯೇ ಬಂದವರು. ಆದರೆ ಅವರ ನಿಘಂಟು ಅಚ್ಚಾದದ್ದು 1894ರಲ್ಲಿ. ನಡುವೆ ನಾಲ್ಕು ದಶಕಗಳ ಕನ್ನಡವಿದೆ. ಐರ್ಲೆಂಡಿನ ಸಿಸ್ಟರ್ ಸಿರಿಲ್ ಮೂನಿ 1956ರಲ್ಲಿ ಬಂದು ಭಾರತದಲ್ಲೇ ಬಾಳಿ 2023ರಲ್ಲಿ ತೀರಿಕೊಂಡರು. ಕೋಲ್ಕತ್ತದ ಸಿಯಾಲ್ದಾ ನಿಲ್ದಾಣದ ಸುತ್ತಲ ಬೀದಿ ಮಕ್ಕಳಿಗೆ ತಮ್ಮ ಶಾಲೆಯ ಕಟ್ಟಡವನ್ನೇ ತೆರೆದಿಟ್ಟವರು ಅವರು. ಇರುವ ಶಾಲೆಯಲ್ಲೇ ಬೀದಿಯ ಹೆಣ್ಣುಮಕ್ಕಳಿಗೆ ಮನೆ ಮಾಡಿಕೊಡುವ ಆ ‘ರೇನ್‌ಬೋ’ ಮಾದರಿ ಹೈದರಾಬಾದಿಗೂ ಬಂದು ಬೇರುಬಿಟ್ಟಿದೆ.

ನಮ್ಮ ಬಳ್ಳಾರಿ, ಪಾವಗಡಗಳಿಗೆ ತಾಗಿಕೊಂಡಿರುವ ಅನಂತಪುರದ ಉದಾಹರಣೆ ಇನ್ನೂ ಹತ್ತಿರದ್ದು. ಸ್ಪೇನಿನ ವಿಸೆಂಟ್ ಫೆರರ್ ಜೆಸ್ಯೂಟ್ ಆಗಿ 1952ರಲ್ಲಿ ಭಾರತಕ್ಕೆ ಬಂದರು. ಮಹಾರಾಷ್ಟ್ರದ ಮನ್ಮಾಡಿನಲ್ಲಿ ರೈತರ ನಡುವೆ ದುಡಿದು, ಸರ್ಕಾರದ ಸಿಟ್ಟಿಗೆ ಗುರಿಯಾಗಿ 1968ರಲ್ಲಿ ದೇಶ ಬಿಡಬೇಕಾಯಿತು. ಮರುವರ್ಷ ಬರದ ನಾಡಾದ ಅನಂತಪುರಕ್ಕೆ ಬಂದು ರೂರಲ್ ಡೆವಲಪ್‌ಮೆಂಟ್ ಟ್ರಸ್ಟ್ ಕಟ್ಟಿದರು. 2009ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಇದ್ದರು. ಸ್ಪೇನಿನ ಸಾವಿರಾರು ಮನೆಗಳು ತಿಂಗಳು ತಿಂಗಳು ಕಳಿಸಿದ ಹಣ ಇಲ್ಲಿ ಶಾಲೆ, ಆಸ್ಪತ್ರೆ, ಮನೆಗಳಾಗಿವೆ. ದುಡ್ಡು ಕಡಲಾಚೆಯದು, ಮಕ್ಕಳ ನಡುವೆ ದಿನವೂ ದುಡಿಯುವ ಕೈಗಳು ಮಾತ್ರ ಊರಿನವು.

ಈ ಮೂವರ ನಂಬಿಕೆ, ಹಾದಿ ಬೇರೆ ಬೇರೆ. ಸಮಾನವಾದದ್ದು ಎರಡೇ: ಇಲ್ಲಿಯ ಮಾತು ಕಲಿತರು, ದಶಕಗಳ ಕಾಲ ಇಲ್ಲಿ ಉಳಿದರು.

ಹೋದವರು ಬಿಟ್ಟುಹೋದದ್ದು

ಎರಡು ವಾರದ ಪ್ರೀತಿಯಿಂದ ಮಗುವಿಗೆ ಕೇಡೇನು ಎಂದು ಕೇಳುವವರುಂಟು. ತಾಯಿ ಅಥವಾ ತಾಯಿಯಂಥ ಒಬ್ಬರೊಡನೆ ಬೆಳೆಯುವ ಗಟ್ಟಿ ನಂಟು ಮಗುವಿನ ಮನಸ್ಸಿನ ತಳಪಾಯ ಎಂದು ಜಾನ್ ಬೌಲ್ಬಿ ಅವರಿಂದ ಈಚೆಗಿನ ಮನೋವಿಜ್ಞಾನ ಹೇಳುತ್ತ ಬಂದಿದೆ. ರೊಮೇನಿಯಾದ ಅನಾಥಾಲಯಗಳ 136 ಮಕ್ಕಳನ್ನು 2000ದಿಂದ ಹಿಂಬಾಲಿಸಿದ ಬುಕಾರೆಸ್ಟ್ ಅಧ್ಯಯನದಲ್ಲಿ, ಸಾಕುಮನೆಗೆ ಹೋದ ಮಕ್ಕಳು ಸಂಸ್ಥೆಯಲ್ಲೇ ಉಳಿದವರಿಗಿಂತ ಬುದ್ಧಿಯಲ್ಲೂ ಭಾವದಲ್ಲೂ ಚೇತರಿಸಿಕೊಂಡರು. ಬೇಗ ಹೋದಷ್ಟೂ ಒಳ್ಳೆಯದಾಯಿತು. ಈಗಾಗಲೇ ಒಮ್ಮೆ ಕೈಬಿಟ್ಟುಹೋದ ಮಗುವಿಗೆ ತಿಂಗಳಿಗೊಬ್ಬ ಹೊಸ ‘ಅಣ್ಣ’, ಹೊಸ ‘ಅಕ್ಕ’ ಸಿಕ್ಕು ಕಳೆದುಹೋಗುತ್ತಿದ್ದರೆ ಅದು ಕಲಿಯುವ ಪಾಠ ಒಂದೇ: ಹತ್ತಿರ ಬಂದವರೆಲ್ಲ ಹೋಗುವವರೇ. ಅಪರಿಚಿತರನ್ನು ಕಂಡೊಡನೆ ಓಡಿಬಂದು ಅಪ್ಪಿಕೊಳ್ಳುವ ಮಗುವನ್ನು ನೋಡಿ ಪ್ರವಾಸಿ ಕರಗುತ್ತಾನೆ. ಬಲ್ಲವರಿಗೆ ಆ ಓಟವೇ ಗಾಯದ ಗುರುತು.

ಇನ್ನೊಂದು ಕೇಡು ಮಾರುಕಟ್ಟೆಯದು. ಕಾಂಬೋಡಿಯಾದಲ್ಲಿ ಯುನಿಸೆಫ್ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಐದು ವರ್ಷಗಳಲ್ಲಿ ಅನಾಥಾಲಯಗಳು ಶೇ. 75ರಷ್ಟು ಹೆಚ್ಚಿದ್ದವು, ಅಲ್ಲಿದ್ದ ಮಕ್ಕಳಲ್ಲಿ ನಾಲ್ವರಲ್ಲಿ ಸುಮಾರು ಮೂವರಿಗೆ ಹೆತ್ತವರಲ್ಲಿ ಒಬ್ಬರಾದರೂ ಬದುಕಿದ್ದರು. ಅನಾಥರು ಹೆಚ್ಚಿದ್ದರಿಂದ ಆಲಯ ಹೆಚ್ಚಲಿಲ್ಲ. ನೋಡಲು ಬರುವವರು ಹೆಚ್ಚಿದ್ದರಿಂದ ‘ಅನಾಥರು’ ಹೆಚ್ಚಿದರು. ನೇಪಾಳದಲ್ಲೂ ಓದಿಸುತ್ತೇವೆಂದು ಹಳ್ಳಿಯ ಮಕ್ಕಳನ್ನು ದಲ್ಲಾಳಿಗಳು ಕಾಠ್ಮಂಡುವಿಗೆ ತಂದು ತುಂಬಿದ್ದುಂಟು. ಆಸ್ಟ್ರೇಲಿಯಾದ ಸಂಸದೀಯ ಸಮಿತಿ 2017ರಲ್ಲಿ ಇದನ್ನು ಮಾನವ ಕಳ್ಳಸಾಗಣೆಯ ಸಾಲಿನಲ್ಲಿಟ್ಟು ಪರಿಶೀಲಿಸಿತು. 2019ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯ ಮಕ್ಕಳ ಹಕ್ಕುಗಳ ನಿರ್ಣಯವೂ ಅನಾಥಾಲಯ ಪ್ರವಾಸದ ಹಾನಿಯನ್ನು ಹೆಸರಿಟ್ಟು ಎಚ್ಚರಿಸಿತು.

ಮೂರನೆಯದನ್ನು ಬರೆಯಲು ಕೈ ಹಿಂಜರಿಯುತ್ತದೆ. ಸೇವಕನ ವೇಷದಲ್ಲಿ ಬೇಟೆಗಾರರೂ ಬರುತ್ತಾರೆ. ಮುಂಬೈನ ‘ಆ್ಯಂಕರೇಜ್’ ಆಶ್ರಯಧಾಮಗಳಲ್ಲಿ ಬೀದಿ ಹುಡುಗರ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದ ಇಬ್ಬರು ಬ್ರಿಟಿಷರಿಗೆ 2006ರಲ್ಲಿ ಶಿಕ್ಷೆಯಾಯಿತು. ಹೈಕೋರ್ಟಿನಲ್ಲಿ ಬಿಡುಗಡೆಯಾದರೂ 2011ರಲ್ಲಿ ಸುಪ್ರೀಂ ಕೋರ್ಟ್ ಶಿಕ್ಷೆಯನ್ನು ಎತ್ತಿಹಿಡಿಯಿತು. ಕೇಡು ಪರದೇಶದಿಂದಲೇ ಬರಬೇಕೆಂದಿಲ್ಲ. ಬಿಹಾರದ ಮುಜಫ್ಫರಪುರದ ಬಾಲಿಕಾಗೃಹದಲ್ಲಿ ನಡೆದ ಲೈಂಗಿಕ ದೌರ್ಜನ್ಯ 2018ರಲ್ಲಿ ಹೊರಬಿದ್ದಾಗ ಆರೋಪಿಗಳೆಲ್ಲ ನಮ್ಮವರೇ ಆಗಿದ್ದರು. ಹಿನ್ನೆಲೆ ವಿಚಾರಿಸದೆ ಮಕ್ಕಳ ಕೋಣೆಯ ಬಾಗಿಲನ್ನು ಯಾರಿಗೂ ತೆರೆಯಬಾರದು ಎಂಬುದೇ ಎರಡರಿಂದಲೂ ಸಿಗುವ ಪಾಠ.

ಕಾನೂನು ಏನು ಕೇಳುತ್ತದೆ

2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ನಿಲ್ದಾಣದಲ್ಲೋ ಬೀದಿಯಲ್ಲೋ ಸಿಕ್ಕ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಮಗು ಎಲ್ಲಿರಬೇಕೆಂದು ತೀರ್ಮಾನಿಸುವುದು ಆ ಸಮಿತಿ. ಮಕ್ಕಳನ್ನು ಇಟ್ಟುಕೊಳ್ಳುವ ಪ್ರತಿ ಸಂಸ್ಥೆಯೂ ನೋಂದಾಯಿಸಿಕೊಳ್ಳಬೇಕು. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ದೇಶದ 9,589 ಸಂಸ್ಥೆಗಳ ಲೆಕ್ಕ ತೆಗೆಸಿದಾಗ, 2016ರಲ್ಲಿ ಹಾಗೆ ನೋಂದಾಯಿಸಿಕೊಂಡಿದ್ದವು ಶೇ. 32 ಮಾತ್ರ. ಆ ಬಳಿಕ ಬಿಗಿ ಹೆಚ್ಚಿದೆ; ಆದರೂ ಸೇವೆಗೆಂದು ಹೋಗುವವರು ಮೊದಲು ಕೇಳಬೇಕಾದ ಕಾಗದ ಇದೇ.

ಅದೇ ಕಾಯ್ದೆಯ 74ನೇ ಸೆಕ್ಷನ್ ರಕ್ಷಣೆಯಲ್ಲಿರುವ ಮಗುವಿನ ಗುರುತು ಬಯಲಾಗುವಂತೆ ಹೆಸರು, ವಿಳಾಸ, ಚಿತ್ರ ಪ್ರಕಟಿಸುವುದನ್ನು ನಿಷೇಧಿಸಿದೆ. ಆರು ತಿಂಗಳವರೆಗೆ ಸೆರೆ ಅಥವಾ ಎರಡು ಲಕ್ಷದವರೆಗೆ ದಂಡ ಅಥವಾ ಎರಡೂ. ಮಗುವನ್ನು ಎತ್ತಿಕೊಂಡ ಸೆಲ್ಫಿ ಸೇವಾ ಪ್ರವಾಸದ ಅತಿ ಪ್ರಿಯವಾದ ನೆನಪು. ಕಾನೂನಿನ ಕಣ್ಣಿಗೆ ಅದು ಅಪರಾಧವಾಗಬಹುದು.

ವೀಸಾದ್ದು ಇನ್ನೊಂದು ಗೊಂದಲ. ಇ–ಟೂರಿಸ್ಟ್ ವೀಸಾದಲ್ಲಿ ಗರಿಷ್ಠ ಒಂದು ತಿಂಗಳು, ಯಾವ ಪ್ರತಿಫಲವೂ ಇಲ್ಲದ ಸ್ವಯಂಸೇವೆಗೆ ಅವಕಾಶವಿದೆ. ಅದಕ್ಕೂ ಮೀರಿ ಸ್ವಯಂಸೇವಾ ಸಂಸ್ಥೆಯಲ್ಲಿ ಗೌರವ ಸೇವೆ ಮಾಡುವವರು ಸಂಸ್ಥೆಯ ಹೆಸರು ನಮೂದಿಸಿದ ಉದ್ಯೋಗ ವೀಸಾ ಪಡೆಯಬೇಕು. ಅಂದರೆ ಕಡಿಮೆ ಕಾಗದದ ಹಾದಿ ಇರುವುದು ಅತಿ ಕಡಿಮೆ ಪ್ರಯೋಜನದ ಅವಧಿಗೆ. ಹಣದ ಮೇಲಿನ ಹಿಡಿತವೂ ಬಿಗಿಯಾಗಿದೆ. ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ಬಂದ ತಿದ್ದುಪಡಿಯ ಬಳಿಕ ಅಂಥ ದೇಣಿಗೆಯೆಲ್ಲ ದಿಲ್ಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಮೊದಲು ಬರಬೇಕು. ಆಡಳಿತ ವೆಚ್ಚ ಶೇ. 20 ಮೀರಬಾರದು, ಒಂದು ಸಂಸ್ಥೆ ಇನ್ನೊಂದಕ್ಕೆ ಆ ಹಣ ದಾಟಿಸುವಂತಿಲ್ಲ. ಮೋಸಕ್ಕೆ ತಡೆ ಬೇಕು ನಿಜ. ಆದರೆ ಒಳ್ಳೆಯ ಸಣ್ಣ ಸಂಸ್ಥೆಗಳೂ ಇದರಿಂದ ಬಡವಾದವು.

ಮಾರೇಡ್‌ಪಲ್ಲಿಯ ಉತ್ತರ

ಹಾಗಾದರೆ ಮಗುವಿಗೆ ನೆರವಾಗಬೇಕಾದವರು ಯಾರು ಎಂಬ ಪ್ರಶ್ನೆಗೆ ಸಿಕಂದರಾಬಾದ್ ಬಹಳ ಹಿಂದೆಯೇ ತನ್ನದೊಂದು ಉತ್ತರ ಕೊಟ್ಟಿದೆ. ನಿಲ್ದಾಣದಿಂದ ಹೆಚ್ಚು ದೂರವಿಲ್ಲದ ಮಾರೇಡ್‌ಪಲ್ಲಿಯಲ್ಲಿ ಎಂ.ವಿ. ಫೌಂಡೇಶನ್ ಇದೆ. ಇತಿಹಾಸಕಾರ ಮಾಮಿಡಿಪೂಡಿ ವೆಂಕಟರಂಗಯ್ಯ ಅವರ ನೆನಪಿಗೆ 1981ರಲ್ಲಿ ಹುಟ್ಟಿದ್ದು. ಅವರ ಮೊಮ್ಮಗಳು, ಪ್ರಾಧ್ಯಾಪಕಿ ಶಾಂತಾ ಸಿನ್ಹಾ 1991ರಿಂದ ರಂಗಾರೆಡ್ಡಿ ಜಿಲ್ಲೆಯ ಹಳ್ಳಿಗಳಲ್ಲಿ ಜೀತಕ್ಕಿದ್ದ ಮಕ್ಕಳನ್ನು ಬಿಡಿಸುವ ಕೆಲಸಕ್ಕಿಳಿದರು. ನಿಲುವು ಸರಳ, ಪಟ್ಟು ಬಿಗಿ: ಶಾಲೆಯ ಹೊರಗಿರುವ ಪ್ರತಿ ಮಗುವೂ ಬಾಲಕಾರ್ಮಿಕ, ಹಗಲು ದುಡಿಸಿ ರಾತ್ರಿ ಶಾಲೆ ನಡೆಸುವ ಸಮಾಧಾನ ಬೇಡ, ಎಲ್ಲ ಮಕ್ಕಳೂ ಹಗಲು ಹೊತ್ತಿನ ಪೂರ್ಣ ಶಾಲೆಗೇ ಹೋಗಬೇಕು. ಬಡತನವಿದೆ, ಏನು ಮಾಡುವುದು ಎಂಬ ನೆಪವನ್ನು ಅವರು ಒಪ್ಪಲಿಲ್ಲ.

ಇದನ್ನು ನಡೆಸಿದ ಸ್ವಯಂಸೇವಕರು ಯಾರು? ಅದೇ ಹಳ್ಳಿಯ ಹುಡುಗ ಹುಡುಗಿಯರು; ಹಲವರು ತಮ್ಮ ಮನೆಯಲ್ಲಿ ಮೊದಲು ಅಕ್ಷರ ಕಂಡವರು. ಅವರು ಮನೆ ಮನೆಗೆ ಹೋಗಿ ತಾಯಿಯೊಡನೆ ಕೂತು ಮಾತಾಡಿದರು, ಧಣಿಯ ಬೈಗುಳ ತಿಂದರು, ಶಾಲೆಯ ಹೆಡ್‌ಮಾಸ್ತರರ ಬಾಗಿಲು ಕಾದರು. ದುಡಿಮೆಯಿಂದ ಬಿಡಿಸಿದ ಮಕ್ಕಳನ್ನು ಕೆಲಕಾಲ ಶಿಬಿರದಲ್ಲಿಟ್ಟು, ಕಲಿಸಿ, ವಯಸ್ಸಿಗೆ ತಕ್ಕ ತರಗತಿಗೆ ಸೇರಿಸುವ ‘ಬ್ರಿಡ್ಜ್ ಕೋರ್ಸ್’ ಇಲ್ಲಿ ಪಳಗಿತು. ಕರ್ನಾಟಕದ ‘ಚಿಣ್ಣರ ಅಂಗಳ’ವೂ ಅದೇ ಜಾತಿಯ ಪ್ರಯತ್ನ. ಶಾಂತಾ ಸಿನ್ಹಾ ಅವರಿಗೆ 2003ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2007ರಲ್ಲಿ ಅವರು ರಾಷ್ಟ್ರೀಯ ಮಕ್ಕಳ ಹಕ್ಕುಗಳ ಆಯೋಗದ ಮೊದಲ ಅಧ್ಯಕ್ಷೆಯಾದರು.

ಎಲ್ಲರೂ ಈ ಪಟ್ಟನ್ನು ಒಪ್ಪಿದರೆಂದಲ್ಲ. ಬೆಂಗಳೂರಿನ ‘ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ ಬೆಳೆಸಿದ, ದುಡಿಯುವ ಮಕ್ಕಳದೇ ಸಂಘಟನೆಯಾದ ‘ಭೀಮ ಸಂಘ’ ಬೇರೆ ಮಾತು ಹೇಳಿತು: ಬರೀ ನಿಷೇಧ ಮಾಡಿದರೆ ಮಕ್ಕಳು ಇನ್ನೂ ಕತ್ತಲೆಯ ಕೆಲಸಕ್ಕೆ ಜಾರುತ್ತಾರೆ, ಮೊದಲು ಮಕ್ಕಳ ಮಾತು ಕೇಳಿ. ನಮ್ಮ ಮಕ್ಕಳ ಗ್ರಾಮಸಭೆಗಳ ಹಿಂದೆ ಈ ಚಿಂತನೆಯ ನೆರಳಿದೆ. ಬೆಂಗಳೂರಿನ ರೈಲು, ಬಸ್ ನಿಲ್ದಾಣಗಳಲ್ಲಿ ಮಕ್ಕಳಿಗಾಗಿ ದುಡಿದ ‘ಬಾಸ್ಕೊ’ ಅಂತೂ ತನ್ನ ಪೂರ್ಣ ಹೆಸರನ್ನೇ ‘ಬೆಂಗಳೂರು ಓಣಿಯವರ ಸೇವಾ ಕೂಟ’ ಎಂದಿಟ್ಟುಕೊಂಡಿತು. ಹಾದಿಗಳು ಜಗಳವಾಡಿದರೂ ಒಂದು ಮಾತಿನಲ್ಲಿ ಎಲ್ಲರೂ ಕೂಡುತ್ತಾರೆ. ಮಗುವಿನ ಪರ ನಿಲ್ಲುವವರು ನಾಳೆಯೂ ಓಣಿಯಲ್ಲಿ ಸಿಗುವವರಾಗಿರಬೇಕು.

ಹಾಗಾದರೆ ಬರಲೇಬಾರದೇ?

1968ರಲ್ಲಿ ಚಿಂತಕ ಇವಾನ್ ಇಲಿಚ್ ಅಮೆರಿಕದ ವಿದ್ಯಾರ್ಥಿ ಸ್ವಯಂಸೇವಕರ ಮುಂದೆ ನಿಂತು, ನೋಡಲಿಕ್ಕೂ ಕಲಿಯಲಿಕ್ಕೂ ಬರುವುದಾದರೆ ಬನ್ನಿ, ಉದ್ಧಾರ ಮಾಡುತ್ತೇವೆಂದು ಮಾತ್ರ ಬರಬೇಡಿ ಎಂಬರ್ಥದ ಖಾರವಾದ ಮಾತಾಡಿದ್ದರು. ಅಷ್ಟು ಕಟುವಾಗಬೇಕಿಲ್ಲ. ಆದರೆ ಅವರು ಬಿಡಿಸಿದ ಗಂಟನ್ನು ನಾವು ಮತ್ತೆ ಕಟ್ಟಬಾರದು: ನೋಡುವುದು ಬೇರೆ, ನೆರವಾಗುವುದು ಬೇರೆ. ಬೋನಾಲು ನೋಡಲು ಬನ್ನಿ. ಮೊಂಡಾ ಮಾರ್ಕೆಟ್ಟಿನಲ್ಲಿ ಅಲೆಯಿರಿ. ನಿಲ್ದಾಣದೆದುರು ಇರಾನಿ ಚಹಾಕ್ಕೆ ಉಸ್ಮಾನಿಯಾ ಬಿಸ್ಕತ್ತು ಅದ್ದಿ ತಿನ್ನಿ. ಅದಕ್ಕೆ ಬಡ ಮಗುವಿನ ನೆಪ ಬೇಡ. ಪ್ರವಾಸಿಯಾಗಿರುವುದು ನಾಚಿಕೆಯ ಸಂಗತಿಯಲ್ಲ.

ನೆರವಾಗಲೇಬೇಕು ಎನ್ನುವವರಿಗೆ ಜಾಗವಿದೆ, ಮಗುವಿನ ಮುಂದೆ ಅಲ್ಲ, ಮಗುವನ್ನು ದಿನವೂ ನೋಡಿಕೊಳ್ಳುವವರ ಹಿಂದೆ. ತೆಲಂಗಾಣ 2022–23ರಿಂದ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತಂದಿದೆ. ತೆಲುಗು, ದಖನಿ, ಮರಾಠಿ, ಕನ್ನಡ ಆಡುವ ಮಕ್ಕಳಿಗೆ ಇಂಗ್ಲಿಷಿನಲ್ಲಿ ಪಾಠ ಮಾಡಬೇಕಾದ ಶಿಕ್ಷಕರಿಗೆ ಮಾತಿನ ಅಭ್ಯಾಸ ಬೇಕು. ಬಂದವರು ಶಿಕ್ಷಕಿಯೊಬ್ಬರೊಡನೆ ತಿಂಗಳು ಕಾಲ ಇಂಗ್ಲಿಷ್ ಮಾತಾಡಿದರೆ, ಅವರು ಹೋದ ಮೇಲೂ ಆಕೆ ತರಗತಿಯಲ್ಲಿರುತ್ತಾರೆ. ಫಿಸಿಯೊಥೆರಪಿಸ್ಟ್ ಆರೈಕೆ ಮಾಡುವ ಆಯಾಗೆ ವ್ಯಾಯಾಮ ಕಲಿಸಬಹುದು. ಲೆಕ್ಕ ಬಲ್ಲವರು ಸಂಸ್ಥೆಯ ಲೆಕ್ಕ ಸರಿಪಡಿಸಬಹುದು. ಇದರಲ್ಲಿ ಫೋಟೊ ಚೆನ್ನಾಗಿ ಬರುವುದಿಲ್ಲ, ಅಷ್ಟೇ.

ಇನ್ನು ಹಣ. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ, ಸಂಸ್ಥೆಗೆ ಹೋಗದೆ ಮನೆಯಲ್ಲೋ ಬಂಧುಗಳಲ್ಲೋ ಬೆಳೆಯುವಂತೆ ಅರ್ಹ ಮಗುವಿಗೆ ಕೊಡುವ ನೆರವು ತಿಂಗಳಿಗೆ 4,000 ರೂಪಾಯಿ. ವರ್ಷಕ್ಕೆ 48,000. ಯುರೋಪಿನಿಂದ ಬಂದುಹೋಗುವ ವಿಮಾನದ ಟಿಕೆಟ್ಟೇ ಎಷ್ಟೋ ಸಲ ಇದನ್ನು ಮೀರುತ್ತದೆ. ಗಂಡ ಸತ್ತ ಹೆಣ್ಣುಮಗಳೊಬ್ಬಳು ಮಗನನ್ನು ಆಶ್ರಮಕ್ಕೆ ಬಿಡುವುದಕ್ಕೂ ಮನೆಯಲ್ಲಿ ಉಳಿಸಿಕೊಳ್ಳುವುದಕ್ಕೂ ನಡುವಿನ ಅಂತರ ಎಷ್ಟೋ ವೇಳೆ ಇಷ್ಟೇ ಹಣದ್ದು.

ನಮ್ಮ ಊರಿನವರಿಗೂ ಇದರಲ್ಲಿ ಪಾಲಿದೆ. ಸಿಕಂದರಾಬಾದಿನ ಪ್ಲಾಟ್‌ಫಾರಮ್ಮಿನಲ್ಲಿ ಸೇಡಮ್ಮಿನ ಹುಡುಗನೊಬ್ಬ ಇಳಿದರೆ, ಅವನಿಗೆ ಮೊದಲು ಬೇಕಾದದ್ದು ‘ಯಾವೂರಪ್ಪ ನಿಂದು?’ ಎಂದು ಅವನ ಮಾತಿನಲ್ಲಿ ಕೇಳಿ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡುವವರು. ಹೈದರಾಬಾದಿನಲ್ಲಿ ತಲೆಮಾರುಗಳಿಂದ ನೆಲೆಸಿರುವ ಕನ್ನಡಿಗರಿಗೆ ಇದು ವೀಸಾ ಬೇಡದ ಸೇವೆ. ಬೇಸಿಗೆಗೆ ಬರುವ ಅಮೆರಿಕದ ಸೋದರಸೊಸೆಗೂ ಒಂದು ಕೆಲಸವಿದೆ: ತನ್ನ ಕಾಲೇಜಿನಲ್ಲಿ ನಿಂತು, ಎರಡು ವಾರದ ಅನಾಥಾಲಯ ಪ್ರವಾಸದ ಪೋಸ್ಟರ್ ಯಾಕೆ ಬೇಡವೆಂದು ಹೇಳುವುದು.

ಡೋಲಿ ಹೊರುವ ಅಪ್ಪಯ್ಯ ಉಜ್ಜಯಿನಿಯನ್ನು ಉದ್ಧರಿಸಲು ಹೋದವನಲ್ಲ, ಹೊಟ್ಟೆಪಾಡಿಗೆ ಹೋದವನು. ಅಲ್ಲಿ ಕೈಮುಗಿದ, ಇಲ್ಲಿ ಕಟ್ಟಿದ. ಎರಡು ನೂರು ವರ್ಷ ದಾಟಿದ ಮೇಲೂ ಆಷಾಢದಲ್ಲಿ ಸಿಕಂದರಾಬಾದಿನ ಹೆಂಗಸರು ಅವನ ಹರಕೆಯ ಭಾರವನ್ನು ತಲೆಯ ಮೇಲೆ ಹೊತ್ತು ನಡೆಯುತ್ತಿದ್ದಾರೆ.